454 ಬಿಗ್ ಬ್ಲಾಕ್‌ಗೆ ವೈಯಂಡ್ 6-71 ಸೂಪರ್‌ಚಾರ್ಜರ್ ಕಿಟ್: 1970ರ ಶೆವೆಲ್‌ಗೆ ಹಾಕುವವರಿಗೆ

454 ಎಂದರೆ ಶೆವರ್ಲೆಯ 454 ಘನ ಇಂಚಿನ ದೊಡ್ಡ ವಿ8 ಇಂಜಿನ್ (ಬಿಗ್ ಬ್ಲಾಕ್), ಶೆವೆಲ್ ಅದೇ ಕಂಪನಿಯ ಕಾರು. ಸೂಪರ್‌ಚಾರ್ಜರ್, ಅಂದರೆ ಬ್ಲೋವರ್, ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪ್. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ 454ರ ಕಂಪ್ರೆಷನ್ ಅನುಪಾತ 8.5:1ರ ಒಳಗಿದ್ದು, ಪಿಸ್ಟನ್ ಫೋರ್ಜ್ಡ್ ಆಗಿದ್ದು, ಬಾನೆಟ್ ಕೊಯ್ಯಲು ಮನಸ್ಸಿದ್ದರೆ ಈ ಕಿಟ್ ಕಣ್ಣುಮುಚ್ಚಿ ತಗೊಳ್ಳಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ದುಡ್ಡನ್ನು ಮೊದಲು ಇಂಜಿನ್‌ನ ಒಳಗೆ ಹಾಕಿ. ಬ್ಲೋವರ್ ಆಮೇಲೆ ಬರಲಿ.

6-71 ಹುಟ್ಟಿದ್ದು ಜನರಲ್ ಮೋಟಾರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್‌ಗಾಗಿ. ಒಂದು ಸಿಲಿಂಡರ್‌ಗೆ 71 ಘನ ಇಂಚು, ಅಂಥವು ಆರು; ಹೆಸರಿನ ಲೆಕ್ಕ ಇಷ್ಟೇ. ಬ್ಲೋವರ್ ಒಂದು ಸುತ್ತಿಗೆ ಸುಮಾರು 411 ಘನ ಇಂಚು ಗಾಳಿ ತಳ್ಳುತ್ತದೆ. ಫೋರ್ ಸ್ಟ್ರೋಕ್ ಆದ 454 ಒಂದು ಸುತ್ತಿಗೆ ಕುಡಿಯುವುದು 227. ಅಂದರೆ ಕ್ರ್ಯಾಂಕ್‌ನಷ್ಟೇ ವೇಗದಲ್ಲಿ ತಿರುಗಿಸಿದರೂ ಗಾಳಿ ಬೇಕಾದ್ದಕ್ಕಿಂತ ಹೆಚ್ಚು. ರಸ್ತೆಯ ಕಾರಿನಲ್ಲಿ ಬ್ಲೋವರ್ ಅನ್ನು ಕ್ರ್ಯಾಂಕ್‌ಗಿಂತ ನಿಧಾನವಾಗಿ ಓಡಿಸುವುದು ಇದಕ್ಕೇ. ಕೆಳಗಿನ ಪುಲ್ಲಿಗೆ 33 ಹಲ್ಲು, ಮೇಲಿನದಕ್ಕೆ 37 ಹಲ್ಲು ಇದ್ದರೆ ಬ್ಲೋವರ್ ಸುಮಾರು ಶೇ. 11ರಷ್ಟು ನಿಧಾನವಾಗುತ್ತದೆ. ಪುಲ್ಲಿ ಬದಲಿಸಿ ಬೂಸ್ಟ್ (ಬ್ಲೋವರ್ ಹೆಚ್ಚುವರಿಯಾಗಿ ಕೊಡುವ ಗಾಳಿಯ ಒತ್ತಡ, ಪಿಎಸ್ಐ ಲೆಕ್ಕದಲ್ಲಿ) ಏರಿಳಿಸಬಹುದಾದ್ದು ಈ ಕಿಟ್‌ನ ದೊಡ್ಡ ಗುಣ. ದೊಡ್ಡ ಬ್ಲೋವರ್ ಅನ್ನು ನಿಧಾನವಾಗಿ ಓಡಿಸಿದರೆ, ಸಣ್ಣದನ್ನು ಜೋರಾಗಿ ಓಡಿಸಿದಾಗಿನಷ್ಟು ಗಾಳಿ ಕಾಯುವುದಿಲ್ಲ. ಆದರೂ ಕಾಯುತ್ತದೆ: ರೂಟ್ಸ್ ಮಾದರಿಯ ಇಂಥ ಬ್ಲೋವರ್‌ನ ದಕ್ಷತೆ ಅರ್ಧದಷ್ಟು ಎಂದಿಟ್ಟುಕೊಂಡರೆ, 30 ಡಿಗ್ರಿಯ ಗಾಳಿಗೆ 6 ಪಿಎಸ್ಐ ಬೂಸ್ಟ್‌ನಲ್ಲಿ ಹೆಚ್ಚುಕಮ್ಮಿ 60 ಡಿಗ್ರಿ ಸೇರುತ್ತದೆ. ಕಾರ್ಬ್ಯುರೇಟರ್ ಬ್ಲೋವರ್ ಮೇಲೆ ಕೂರುವುದರಿಂದ, ಒಳಗೆ ತಿರುಗುವ ರೋಟರ್ ಮೂಲಕ ಹಾಯುವ ಪೆಟ್ರೋಲ್ ಆವಿಯಾಗುತ್ತಾ ಅದರಲ್ಲಿ ಒಂದಿಷ್ಟನ್ನು ತಗ್ಗಿಸುತ್ತದೆ, ಎಲ್ಲವನ್ನೂ ಅಲ್ಲ.

ಕಂಪ್ರೆಷನ್ ಲೆಕ್ಕ ಹೀಗೆ ಹಾಕಿ: ಬೂಸ್ಟ್ ಅನ್ನು 14.7ರಿಂದ (ವಾತಾವರಣದ ಒತ್ತಡ) ಭಾಗಿಸಿ, 1 ಕೂಡಿಸಿ, ಇಂಜಿನ್‌ನ ಕಂಪ್ರೆಷನ್‌ನಿಂದ ಗುಣಿಸಿ. 8.5 ಇರುವ ಇಂಜಿನ್‌ಗೆ 6 ಪಿಎಸ್ಐ ಕೊಟ್ಟರೆ 12 ಬರುತ್ತದೆ. ಬಂಕಿನ ಪೆಟ್ರೋಲ್‌ಗೆ ಹೆಚ್ಚಿನವರು ಗೆರೆ ಎಳೆಯುವುದು ಅಲ್ಲೇ. ಅದೇ 6 ಪಿಎಸ್ಐ 9.5ರ ಇಂಜಿನ್‌ಗೆ 13.4 ಆಗುತ್ತದೆ. 454ರಲ್ಲೇ ಹೆಚ್ಚು ಶಕ್ತಿಯದಾದ 1970ರ ಎಲ್‌ಎಸ್6 ಕಾರ್ಖಾನೆಯಿಂದ ಬಂದದ್ದೇ 11.25:1ರಲ್ಲಿ, 450 ಅಶ್ವಶಕ್ತಿಯ ಲೆಕ್ಕದಲ್ಲಿ; ಅದರ ಪಿಸ್ಟನ್ ಹಾಗೇ ಇಟ್ಟುಕೊಂಡು ಬ್ಲೋವರ್ ಕೂರಿಸುವ ಮಾತೇ ಬೇಡ. ಇಲ್ಲಿ ಪೆಟ್ರೋಲ್ ಎಂದರೆ ಅಮೆರಿಕದ 93 ಆಕ್ಟೇನ್‌ನದು. ಅಲ್ಲಿನ ಬಂಕಿನ ಸಂಖ್ಯೆ ಎರಡು ಅಳತೆಗಳ ಸರಾಸರಿ, ನಮ್ಮಲ್ಲಿ ಬರೆಯುವುದು ಅವುಗಳಲ್ಲಿ ಒಂದಾದ ಆರ್‌ಒಎನ್ (ರಿಸರ್ಚ್ ಆಕ್ಟೇನ್ ಸಂಖ್ಯೆ). ಅಲ್ಲಿನ 93 ನಮ್ಮ ಲೆಕ್ಕದಲ್ಲಿ ಸುಮಾರು 98 ಆದೀತು. ಅಮೆರಿಕದ ಸಲಹೆಯನ್ನು ಇಲ್ಲಿನ ಸಾಮಾನ್ಯ ಪೆಟ್ರೋಲ್‌ಗೆ ಹಾಗೇ ಅನ್ವಯಿಸಬೇಡಿ.

ಇಂಜಿನ್ ಬಿಚ್ಚಿದಾಗ ರಿಂಗ್ ಗ್ಯಾಪ್ (ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ತಪ್ಪದೆ ನೋಡಬೇಕು. ಬೂಸ್ಟ್‌ನಲ್ಲಿ ಮೇಲಿನ ರಿಂಗ್ ಹೆಚ್ಚು ಕಾದು ಹಿಗ್ಗುತ್ತದೆ. ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಲ್ಯಾಂಡ್ (ಪಿಸ್ಟನ್‌ನಲ್ಲಿ ರಿಂಗ್ ಹಿಡಿದಿಡುವ ಅಂಚು) ಮುರಿದು ಬರುತ್ತದೆ. ಬೋರ್‌ನ (ಸಿಲಿಂಡರ್‌ನ ಒಳವ್ಯಾಸ) ಪ್ರತಿ ಇಂಚಿಗೆ 0.006 ಇಂಚಿನಂತೆ, 4.25 ಇಂಚಿನ ಬೋರ್‌ಗೆ 0.0255 ಇಂಚು ಒಳ್ಳೆಯ ಆರಂಭ. ಪಿಸ್ಟನ್ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಕ್ಯಾಮ್‌ನ ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ) 112ರಿಂದ 114 ಡಿಗ್ರಿ ಇರಲಿ.

ಕ್ರ್ಯಾಂಕ್‌ನ ಮೂತಿಯನ್ನು, ಅಂದರೆ ಪುಲ್ಲಿ ಕೂರುವ ಮುಂದಿನ ತುದಿಯನ್ನು, ಬಹಳ ಜನ ಮರೆಯುತ್ತಾರೆ. ಬಿಗ್ ಬ್ಲಾಕ್‌ನ ಮೂತಿ 1.6 ಇಂಚು ದಪ್ಪ, ಜಾರದಂತೆ ಹಿಡಿಯುವ ಕೀ (ಸಣ್ಣ ಲೋಹದ ತುಂಡು) ಒಂದೇ. ಬ್ಲೋವರ್ ತಿರುಗಿಸುವ ಭಾರವೆಲ್ಲ ಆ ಒಂದು ಕೀ ಮೇಲೆ ಬಿದ್ದರೆ ಕೀ ಜಜ್ಜಿ, ಅದು ಕೂರುವ ತೋಡು ಅಗಲವಾಗಿ, ಕೊನೆಗೆ ಕ್ರ್ಯಾಂಕ್ ಕೈಬಿಡಬೇಕಾಗುತ್ತದೆ. ಲೇತ್ ಅಂಗಡಿಯಲ್ಲಿ ಎದುರು ಬದಿಗೆ, 180 ಡಿಗ್ರಿಯಲ್ಲಿ, ಎರಡನೇ ಕೀ ತೋಡು ಕೊರೆಸಿ. ಡ್ಯಾಂಪರ್‌ನ (ಕ್ರ್ಯಾಂಕ್‌ನ ನಡುಕ ತಗ್ಗಿಸುವ ಚಕ್ರ) ಹಬ್ ಸ್ಟೀಲಿನದೇ ಇರಲಿ, ಅದಕ್ಕೂ ಎರಡು ತೋಡು ಬೇಕು. ಶೆವರ್ಲೆ ಬಿಗ್ ಬ್ಲಾಕ್‌ನ ಮಾರ್ಕ್ 4 ಸರಣಿಯ 396, 427 ಕ್ರ್ಯಾಂಕ್‌ನ ಒಳಗೇ ಬ್ಯಾಲೆನ್ಸ್ ಆದವು, 454 ಮಾತ್ರ ಹೊರಗೆ, ಡ್ಯಾಂಪರ್‌ನ ತೂಕವನ್ನೂ ಸೇರಿಸಿ. ಆದ್ದರಿಂದ 427ರ ಡ್ಯಾಂಪರ್ ತಂದು 454ಕ್ಕೆ ಹಾಕಿದರೆ ಇಂಜಿನ್ ನಡುಗುತ್ತದೆ. ಬೆಲ್ಟ್ ಕ್ರ್ಯಾಂಕ್ ಅನ್ನು ಸದಾ ಮೇಲಕ್ಕೆ ಎಳೆಯುವುದರಿಂದ ಮುಂದಿನ ಮೇನ್ ಬೇರಿಂಗ್‌ನ ಮೇಲಿನ ಅರ್ಧ ಬೇಗ ಸವೆಯುತ್ತದೆ. ಅದಕ್ಕೇ ಬೆಲ್ಟ್ ಬಿಗಿಯಾಗಿ ಎಳೆದು ಕಟ್ಟಬಾರದು. ತಣ್ಣಗಿದ್ದಾಗ ನಡುವೆ ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ಆಡಬೇಕು. ಇಂಜಿನ್ ಕಾದು ಹಿಗ್ಗಿದಾಗ ಅದು ತಾನೇ ಬಿಗಿಯಾಗುತ್ತದೆ.

ಆರ್ಡರ್ ಮಾಡುವ ಮುನ್ನ ವಾಟರ್ ಪಂಪ್ ಉದ್ದದ್ದೋ ಗಿಡ್ಡದ್ದೋ ನೋಡಿ. ಶೆವೆಲ್‌ಗೆ 1969ರಿಂದ ಉದ್ದದ ಪಂಪ್ ಬಂತು. ಕಿಟ್ ಗಿಡ್ಡ ಪಂಪ್‌ನದಾದರೆ ಪುಲ್ಲಿಗಳು ಒಂದೇ ಸಾಲಿಗೆ ಬರುವುದಿಲ್ಲ. ದೊಡ್ಡ ಕ್ಯಾಪ್‌ನ ಎಚ್‌ಇಐ (ಜನರಲ್ ಮೋಟಾರ್ಸ್‌ನ ಎಲೆಕ್ಟ್ರಾನಿಕ್ ಇಗ್ನಿಷನ್) ಡಿಸ್ಟ್ರಿಬ್ಯೂಟರ್ ಬ್ಲೋವರ್‌ನ ಹಿಂಭಾಗಕ್ಕೆ ತಾಗಬಹುದು, ಸಣ್ಣ ಕ್ಯಾಪ್‌ನದು ಸಿದ್ಧವಿರಲಿ. ಕೂರಿಸುವಾಗ ಬ್ಲೋವರ್ ಬೋಲ್ಟುಗಳನ್ನು ಸೂಚನಾಪಟ್ಟಿಯ ಟಾರ್ಕ್‌ಗಿಂತ ಒಂದಿಷ್ಟೂ ಹೆಚ್ಚು ಬಿಗಿಯಬೇಡಿ. ಮೈ ಅಲ್ಯುಮಿನಿಯಂ, ಸೊಟ್ಟಗಾದರೆ ರೋಟರ್ ಗೋಡೆಗೆ ಉಜ್ಜುತ್ತದೆ. ಬಿಗಿದ ಮೇಲೆ, ಬೆಲ್ಟ್ ಹಾಕುವ ಮೊದಲು, ಪುಲ್ಲಿಯನ್ನು ಕೈಯಿಂದ ಪೂರ್ತಿ ಸುತ್ತಿಸಿ. ಎಲ್ಲಾದರೂ ಒಂದು ಕಡೆ ಹಿಡಿದಂತಾದರೆ ಸಡಿಲಿಸಿ ಮತ್ತೆ ಕೂರಿಸಿ. ಮುಂದಿನ ಗೇರ್ ಕವರ್‌ನ ಎಣ್ಣೆ ಗಾಜಿನ ಕಿಂಡಿಯ ಅರ್ಧಕ್ಕಿರಲಿ.

ಕಾರ್ಬ್ಯುರೇಟರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಹೋಲಿ ಕಂಪನಿಯ ಸಾಮಾನ್ಯ ಕಾರ್ಬ್ಯುರೇಟರ್‌ನಲ್ಲಿ ಹೆಚ್ಚುವರಿ ಪೆಟ್ರೋಲ್ ಬಿಡುವ ಪವರ್ ವಾಲ್ವ್, ತನ್ನ ಕೆಳಗಿನ ವ್ಯಾಕ್ಯೂಮ್ ಕುಸಿದಾಗ ತೆರೆಯುತ್ತದೆ. ಬ್ಲೋವರ್ ಮೇಲೆ ಕೂತಾಗ, ಇಂಜಿನ್ ಪೂರ್ತಿ ಬೂಸ್ಟ್‌ನಲ್ಲಿದ್ದರೂ ಕಾರ್ಬ್ಯುರೇಟರ್‌ನ ಕೆಳಗೆ ಇನ್ನೂ ವ್ಯಾಕ್ಯೂಮ್ ಉಳಿದಿರುತ್ತದೆ. ವಾಲ್ವ್ ಮುಚ್ಚಿಕೊಂಡೇ ಇರುತ್ತದೆ, ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ ಮಿಶ್ರಣ ಲೀನ್ ಆಗಿ (ಪೆಟ್ರೋಲ್ ಸಾಲದೆ) ಪಿಸ್ಟನ್ ಕರಗುತ್ತದೆ. ಆದ್ದರಿಂದ ಪವರ್ ವಾಲ್ವ್‌ಗೆ ಬ್ಲೋವರ್ ಕೆಳಗಿನ ಮ್ಯಾನಿಫೋಲ್ಡ್‌ನಿಂದ ಕೊಳವೆ ಎಳೆದಿರುವ, ಸೂಪರ್‌ಚಾರ್ಜರ್‌ಗೆಂದೇ ಮಾಡಿದ ಕಾರ್ಬ್ಯುರೇಟರ್ ತಗೊಳ್ಳಿ. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಬೂಸ್ಟ್‌ನಲ್ಲಿ 11.5ರಿಂದ 12ರ ನಡುವೆ ತೋರಿಸಬೇಕು. 600 ಅಶ್ವಶಕ್ತಿಗೆ ಗಂಟೆಗೆ ಸುಮಾರು 235 ಲೀಟರ್ ಪೆಟ್ರೋಲ್ ಬೇಕು. ಹಳೆಯ ಮೆಕ್ಯಾನಿಕಲ್ ಪಂಪ್ ನೆಚ್ಚಿಕೊಳ್ಳಬೇಡಿ, ಎಲೆಕ್ಟ್ರಿಕ್ ಪಂಪ್, ರಿಟರ್ನ್ ಲೈನ್ ಇರುವ ರೆಗ್ಯುಲೇಟರ್ ಹಾಕಿ, 6ರಿಂದ 7 ಪಿಎಸ್ಐಗೆ ನಿಲ್ಲಿಸಿ. ಬ್ರೇಕ್ ಬೂಸ್ಟರ್ ಮತ್ತು ಪಿಸಿವಿ (ಕ್ರ್ಯಾಂಕ್‌ಕೇಸ್‌ನ ಹೊಗೆ ಎಳೆಯುವ) ಕೊಳವೆಗಳಲ್ಲಿ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಲೇಬೇಕು, ಇಲ್ಲದಿದ್ದರೆ ಬೂಸ್ಟ್ ಅಲ್ಲಿಗೂ ನುಗ್ಗುತ್ತದೆ.

ಇಗ್ನಿಷನ್ ಟೈಮಿಂಗ್ (ಕಿಡಿ ಎಷ್ಟು ಮುಂಚೆ ಹಾರಬೇಕೆಂಬುದು) ಒಟ್ಟು 28ರಿಂದ 32 ಡಿಗ್ರಿ ಸಾಕು. ಎಂಎಸ್‌ಡಿ ಕಂಪನಿಯ 6-ಬಿಟಿಎಂ ಇಗ್ನಿಷನ್ ಪೆಟ್ಟಿಗೆ ಪ್ರತಿ ಪಿಎಸ್ಐ ಬೂಸ್ಟ್‌ಗೆ 0ಯಿಂದ 3 ಡಿಗ್ರಿವರೆಗೆ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು, ಗ್ಯಾಪ್ 0.030 ಇಂಚಿನ ಆಸುಪಾಸು. ಈ ಇಂಜಿನ್‌ನ ಫೈರಿಂಗ್ ಆರ್ಡರ್ 1-8-4-3-6-5-7-2. ಪಕ್ಕಪಕ್ಕದ 5 ಮತ್ತು 7 ಒಂದರ ಹಿಂದೆ ಒಂದು ಉರಿಯುವುದರಿಂದ ಅವೆರಡರ ವೈರುಗಳನ್ನು ಜೊತೆಯಾಗಿ ಓಡಿಸಬೇಡಿ. 5ರ ಕಿಡಿ 7ಕ್ಕೆ ಹಾರಿದರೆ ಅಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉರಿ ಹತ್ತುತ್ತದೆ. ಒಂದು ಪೂರ್ಣ ಥ್ರಾಟಲ್ ಓಟದ ನಂತರ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿದ್ದರೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗಿದೆ. ಬೆಳ್ಳಿಯಂತೆ ಹೊಳೆಯುವ ಕಣಗಳಿದ್ದರೆ ಅದು ಪಿಸ್ಟನ್‌ನ ಅಲ್ಯುಮಿನಿಯಂ. ಕಾರು ಅಲ್ಲೇ ನಿಲ್ಲಿಸಿ.

ಕಾರಿನ ಉಳಿದ ಭಾಗಗಳ ಬಗ್ಗೆ ಚುಟುಕಾಗಿ. ಸ್ಮಾಲ್ ಬ್ಲಾಕ್ (ಶೆವರ್ಲೆಯ ಚಿಕ್ಕ ವಿ8) ಇದ್ದ ಶೆವೆಲ್ ಆದರೆ ಫ್ರೇಮ್ ಮೌಂಟ್, ಮುಂದಿನ ಸ್ಪ್ರಿಂಗ್, ರೇಡಿಯೇಟರ್ ಎಲ್ಲ ಬಿಗ್ ಬ್ಲಾಕ್‌ನದು ಬೇಕು. ಬ್ಲೋವರ್ ಲೆಕ್ಕಕ್ಕೆ ಹಿಡಿಯದೆಯೇ 45-50 ಕೆಜಿ ಹೆಚ್ಚು ತೂಕ ಕಾರಿನ ಮೂತಿಯ ಮೇಲೆ ಬೀಳುತ್ತದೆ. ಗೇರ್‌ಬಾಕ್ಸ್ ಜನರಲ್ ಮೋಟಾರ್ಸ್‌ನ ಆಟೋಮ್ಯಾಟಿಕ್ ಟಿಎಚ್400, ಹಿಂದಿನ ಆಕ್ಸಲ್ 12 ಬೋಲ್ಟಿನದು ಇರಲಿ. 10 ಬೋಲ್ಟಿನ 8.2 ಇಂಚಿನ ಆಕ್ಸಲ್ ಈ ಟಾರ್ಕ್ ತಾಳುವುದಿಲ್ಲ.

ಬಾನೆಟ್ ಕೊಯ್ಯಲು ಇಷ್ಟವಿಲ್ಲದವರು ಇದೇ ಕಂಪನಿಯ ಸಣ್ಣ 177 ಕಡೆ ನೋಡಿ. ಅದು ಗಿಡ್ಡ, ಒಂದು ಸುತ್ತಿಗೆ 177 ಘನ ಇಂಚಷ್ಟೇ ತಳ್ಳುವುದರಿಂದ ಹೆಚ್ಚು ವೇಗವಾಗಿ ತಿರುಗಬೇಕು. ಆದರೆ ಬೂಸ್ಟ್ ಮಿತಿಯಲ್ಲಿದ್ದರೆ ದಿನವೂ ಓಡಿಸುವ ಕಾರಿಗೆ ಅದೇ ಲೇಸು. 6-71 ಬೇಕೇಬೇಕು ಎನ್ನುವವರು ಮ್ಯಾನಿಫೋಲ್ಡ್‌ನಲ್ಲಿ ಬ್ಯಾಕ್‌ಫೈರ್ ಒತ್ತಡ ಬಿಡುವ ಪಾಪ್-ಆಫ್ ವಾಲ್ವ್ ಇದೆಯೇ ಎಂದು ಅಂಗಡಿಯವರಿಂದ ಖಾತ್ರಿ ಮಾಡಿಕೊಂಡೇ ಹಣ ಕಟ್ಟಿ.