ಬೇಲರ್, ಪಂಪ್, ಡಿಫ್ಯೂಷನ್ ಬ್ಯಾಗ್: ಬಂಕ್ ಪಕ್ಕದ ಮಾನಿಟರಿಂಗ್ ವೆಲ್‌ಗೆ ಯಾವುದು?

ನೆಲದಡಿಯ ಟ್ಯಾಂಕ್ ಸೋರಿದೆಯೇ ಎಂದು ನೋಡಲು ಕೊರೆದ 50 ಮಿ.ಮೀ. ವೆಲ್‌ನಿಂದ ನೀರು ತೆಗೆಯುವಾಗ ಈಗಲೂ ಮೊದಲು ಕೈಗೆ ಬರುವುದು ಬೇಲರ್, ಅಂದರೆ ಹಗ್ಗ ಕಟ್ಟಿ ಇಳಿಸುವ, ತಳದಲ್ಲಿ ಕವಾಟವಿರುವ ಉದ್ದ ಕೊಳವೆ. ಅಗ್ಗ, ಕರೆಂಟ್ ಬೇಡ, ಬಳಸಿ ಎಸೆಯಬಹುದು. ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಬಳಸಿ ನೋಡಿದ ಮೇಲೆ ನಮ್ಮ ಮಾತು ಇಷ್ಟೇ: ಬೇಲರ್ ಜೊತೆಗಿರಲಿ, ಆದರೆ ಬೆಂಜೀನ್ (ಪೆಟ್ರೋಲಿನಲ್ಲಿರುವ, ಬೇಗ ಆವಿಯಾಗುವ ವಿಷಕಾರಿ ಅಂಶ) ಸ್ಯಾಂಪಲ್ ಅದರಲ್ಲಿ ಬೇಡ.

ಲೆಕ್ಕ ಹಾಕಿ. ಈ ಪೈಪಿನಲ್ಲಿ ಮೀಟರಿಗೆ ಸುಮಾರು 2 ಲೀಟರ್ ನೀರು. 5 ಮೀಟರ್ ನೀರಿದ್ದರೆ 10 ಲೀಟರ್, ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಲೆಂದು ರೂಢಿಯಂತೆ ಮೂರು ಪಟ್ಟು ಹೊರಹಾಕಿದರೆ 30. ಲೀಟರಿನ ಬೇಲರನ್ನು ಮೂವತ್ತು ಸಲ ಇಳಿಸಿ ಎತ್ತಬೇಕು. ಗೋವಾದಲ್ಲಿ ಕೆಲಸಕ್ಕೆ ಸಿಗುವ ಹುಡುಗರಲ್ಲಿ ವಿಜಯಪುರ, ಬಾಗಲಕೋಟೆಯವರೂ ಇರುತ್ತಾರೆ. ‘ಸಾವಕಾಶ ಬಿಡಪಾ’ ಎಂದು ಎಷ್ಟು ಹೇಳಿದರೂ ಹತ್ತನೇ ಸಲಕ್ಕೆ ಕೈ ಸೋತು ಬೇಲರ್ ಧೊಪ್ಪೆಂದು ಬೀಳುತ್ತದೆ. ತಳದ ಕೆಸರು ಏಳುತ್ತದೆ. ಕೆಸರಿಗೆ ಅಂಟಿದ ಡೀಸೆಲ್ ಅಂಶ ಬಾಟಲಿಗೆ ಬಂದು ಒಟ್ಟು ಹೈಡ್ರೋಕಾರ್ಬನ್ ಹೆಚ್ಚು ಕಾಣುತ್ತದೆ. ನೀರು ಕಲಕಿದ್ದರಿಂದ ಬೆಂಜೀನ್ ಗಾಳಿಗೆ ಹಾರಿ ಕಡಿಮೆ ಕಾಣುತ್ತದೆ. ಒಂದೇ ರಿಪೋರ್ಟಿನಲ್ಲಿ ಎರಡೂ ತಪ್ಪು, ಅದೂ ವಿರುದ್ಧ ದಿಕ್ಕಿನಲ್ಲಿ.

ಬೇಲರಿನ ನಿಜವಾದ ಕೆಲಸ ಬೇರೆ. ಪಾರದರ್ಶಕ ಬೇಲರನ್ನು ನೀರಿನ ಮಟ್ಟಕ್ಕೆ ಮೆಲ್ಲಗೆ ಇಳಿಸಿ ಎತ್ತಿದರೆ ತೇಲುವ ಇಂಧನದ ಪದರ ಕಣ್ಣಿಗೆ ಬೀಳುತ್ತದೆ. ದಪ್ಪ ಅಳೆಯಲು ಇಂಟರ್ಫೇಸ್ ಪ್ರೋಬ್ (ಎಣ್ಣೆ-ನೀರಿನ ಗಡಿ ಗುರುತಿಸುವ ಅಳತೆ ಟೇಪು) ಬೇಕು. ಪದರ ಕಂಡರೆ ಆ ವೆಲ್‌ನಲ್ಲಿ ನೀರಿನ ಸ್ಯಾಂಪಲ್ ತೆಗೆಯಬೇಡಿ; ಪದರ ದಾಟಿ ಇಳಿದ ಉಪಕರಣ ಎಣ್ಣೆ ಬಳಿದುಕೊಂಡೇ ಬರುತ್ತದೆ.

ಪೆರಿಸ್ಟಾಲ್ಟಿಕ್ ಪಂಪ್ (ರೋಲರಿನಿಂದ ಟ್ಯೂಬ್ ಒತ್ತಿ ನೀರು ಹೀರುವಂಥದು) ಮೇಲೆಯೇ ಇರುತ್ತದೆ, ಟ್ಯೂಬ್ ಮಾತ್ರ ಕೆಳಗೆ, 12 ವೋಲ್ಟ್ ಬ್ಯಾಟರಿ ಸಾಕು. ಮುಂಬಯಿಯಲ್ಲಿ ಸಮುದ್ರದ ಪಕ್ಕದ ಭರಾವು ನೆಲದಲ್ಲಿ ನೀರು ಮೇಲೇ ಇರುವುದರಿಂದ ಕೆಲಸ ಸಲೀಸು. (ಅಲ್ಲಿ ಭರತ-ಇಳಿತಕ್ಕೆ ನೀರಿನ ಮಟ್ಟವೂ ಆಡುತ್ತದೆ, ಎಲ್ಲ ವೆಲ್‌ಗಳ ಮಟ್ಟವನ್ನು ಒಟ್ಟಿಗೇ ಅಳೆದುಕೊಂಡು ಆಮೇಲೆ ಪಂಪ್ ಮುಟ್ಟಿ.) ಆದರೆ ಹೀರುವ ಶಕ್ತಿ 7–8 ಮೀಟರಿಗೆ ಮುಗಿಯುತ್ತದೆ. ಅದಕ್ಕೂ ಮೊದಲೇ ಟ್ಯೂಬಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏರುವುದು ಕಂಡರೆ ಬೆಂಜೀನ್ ಅವುಗಳ ಜೊತೆ ಹೊರಡುತ್ತಿದೆ ಎಂದೇ ಲೆಕ್ಕ. ಪಂಪ್ ಹೆಡ್ಡಿನ ಸಿಲಿಕೋನ್ ಟ್ಯೂಬೂ ಇಂಧನ ಹೀರುತ್ತದೆ, ತುಂಡು ಗಿಡ್ಡವಿರಲಿ.

ನೀರು ಆಳಕ್ಕಿಳಿದ ಪುಣೆಯ ಬಸಾಲ್ಟ್‌ನಲ್ಲಿ, ಅದರಲ್ಲೂ ಮೇ ತಿಂಗಳಲ್ಲಿ, ಬ್ಲಾಡರ್ ಪಂಪ್ ಬೇಕೇ ಬೇಕು. ಅದು ನೀರಿನೊಳಗಿದ್ದು ಗ್ಯಾಸ್ ಒತ್ತಡದಿಂದ ಚೀಲ ಹಿಂಡುತ್ತದೆ. ಗ್ಯಾಸು ನೀರನ್ನು ಮುಟ್ಟುವುದಿಲ್ಲ. ಪಂಪನ್ನು ಸ್ಕ್ರೀನಿನ (ನೀರು ಒಳಬರಲು ಸೀಳುಗಳಿರುವ ಪೈಪಿನ ಭಾಗ) ನಡುಮಟ್ಟಕ್ಕೆ ನಿಲ್ಲಿಸಿ ನಿಮಿಷಕ್ಕೆ 100ರಿಂದ 500 ಮಿ.ಲೀ. ಎತ್ತಿ, ನೀರಿನ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಕುಸಿಯಬಾರದು. 3–5 ನಿಮಿಷಕ್ಕೊಮ್ಮೆ ರೀಡಿಂಗ್ ಬರೆಯಿರಿ: ಸತತ ಮೂರರಲ್ಲಿ ಪಿಎಚ್ 0.1, ಕಂಡಕ್ಟಿವಿಟಿ 3%, ಕರಗಿದ ಆಮ್ಲಜನಕ ಮತ್ತು ಟರ್ಬಿಡಿಟಿ (ನೀರಿನ ಕದಡು) 10%ರೊಳಗೆ ನಿಂತರೆ ಸ್ಯಾಂಪಲ್ ಹಿಡಿಯಬಹುದು. ವಯಲ್ (ಸ್ಯಾಂಪಲಿನ ಗಾಜಿನ ಶೀಶೆ) ತುಂಬುವ ಮೊದಲು ಫ್ಲೋ ಸೆಲ್ (ರೀಡಿಂಗ್ ಮೀಟರ್ ಮುಳುಗಿರುವ ಡಬ್ಬಿ) ಬಿಚ್ಚಲೇಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಹೊರಬರುವ ನೀರಿನಲ್ಲಿ ಗ್ಯಾಸ್ ಬುಳುಬುಳು ಎಂದರೆ ಚೀಲ ಹರಿದಿದೆ. ಬೆಲೆ ಮಾತ್ರ ಕೈ ಸುಡುತ್ತದೆ.

ಬಿರುಕಿನಲ್ಲಿ ನೀರು ಜಿನುಗುವ ವೆಲ್‌ನಲ್ಲಿ 100 ಮಿ.ಲೀ. ಎತ್ತಿದರೂ ಮಟ್ಟ ಕುಸಿಯುತ್ತಲೇ ಹೋಗುತ್ತದೆ. ಅಲ್ಲಿ ಡಿಫ್ಯೂಷನ್ ಬ್ಯಾಗ್ ಗೆಲ್ಲುತ್ತದೆ: ಅಯಾನು ತೆಗೆದ ನೀರು ತುಂಬಿದ ಪಾಲಿಥೀನ್ ಚೀಲ, ತೂಕ ಕಟ್ಟಿ ಸ್ಕ್ರೀನಿನಲ್ಲಿ ಕನಿಷ್ಠ 14 ದಿನ ತೂಗಬಿಡುವುದು. ಬೆಂಜೀನಿನಂಥವು ಚೀಲದ ಗೋಡೆ ದಾಟಿ ಒಳಗಿನ ನೀರಿಗೆ ಸೇರುತ್ತವೆ. ಹೊರಚೆಲ್ಲುವ ನೀರೇ ಇಲ್ಲ. ಬೆಂಜೀನ್, ಟಾಲ್ವಿನ್, ಕ್ಸೈಲೀನ್‌ಗೆ ಚೆನ್ನ, ಪೆಟ್ರೋಲಿಗೆ ಬೆರೆಸುವ ಎಂಟಿಬಿಇಗೆ ನಂಬುವಂತಿಲ್ಲ. ಗೋವಾದ ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲಕ್ಕೆ ನೀರೇರಿ ಸ್ಕ್ರೀನ್ ಪೂರ್ತಿ ಮುಳುಗಿದರೆ ತೇಲುವ ಇಂಧನ ಪೈಪಿನ ಹೊರಗೇ ಉಳಿದುಬಿಡುತ್ತದೆ. ಇದಕ್ಕೆ ಬ್ಯಾಗೂ ಇಲ್ಲ, ಪಂಪೂ ಇಲ್ಲ.

ಯಾವುದೇ ಉಪಕರಣವಿರಲಿ, ಕೊನೆಗೆ 40 ಮಿ.ಲೀ. ವಯಲ್. ಉಬ್ಬುವಷ್ಟು ತುಂಬಿ, ಮುಚ್ಚಿ, ತಲೆಕೆಳಗೆ ಹಿಡಿದು ತಟ್ಟಿ; ಗುಳ್ಳೆ ಕಂಡರೆ ಬೇರೆ ವಯಲ್. ಬೈಕಾರ್ಬನೇಟ್ ಹೆಚ್ಚಿರುವ ನೀರು, ಸ್ಯಾಂಪಲ್ ಕೆಡದಿರಲು ವಯಲಿನಲ್ಲಿ ಹಾಕಿರುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೊರೆಯುತ್ತದೆ. ಆಗ ಆಮ್ಲವಿಲ್ಲದ ವಯಲ್ ಬಳಸಿ, ಐಸ್‌ನಲ್ಲಿಟ್ಟು, 14ರ ಬದಲು 7 ದಿನದೊಳಗೆ ಲ್ಯಾಬಿನಲ್ಲಿ ಪರೀಕ್ಷೆ ಮುಗಿಯುವಂತೆ ನೋಡಿಕೊಳ್ಳಿ. ಜನರೇಟರ್ ಪೆಟ್ರೋಲ್ ಕ್ಯಾನ್ ಇರುವ ಗಾಡಿಯಲ್ಲಿ ವಯಲ್ ಇಡಬೇಡಿ.

ವಿಧಾನ ಬದಲಿಸುವುದೇ ಆದರೆ ಹಳೆಯದನ್ನೂ ಹೊಸದನ್ನೂ ಒಂದೇ ವೆಲ್‌ನಲ್ಲಿ ಒಂದೇ ದಿನ ನಡೆಸಿ: ಮೊದಲು ಬ್ಯಾಗ್ ಎತ್ತಿ, ಆಮೇಲೆ ಪಂಪ್, ಬೇಲರ್ ಕೊನೆಗೆ.