ಉದ್ದ ಶಾಫ್ಟೋ, ಗಿಡ್ಡ ಶಾಫ್ಟೋ?

ಬೆಂಗಳೂರಿನಲ್ಲಿ ಕೂತು ಸಣ್ಣ ದೋಣಿಗೆ ಹಳೇ ಔಟ್‌ಬೋರ್ಡ್ ಮೋಟರ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ಹುಡುಕುತ್ತಿದ್ದೀರಾ? ಹಾರ್ಸ್‌ಪವರ್ ಆಮೇಲೆ ಕೇಳಿ. ಮುಖ್ಯವಾದದ್ದು ಶಾಫ್ಟ್, ಅಂದರೆ ಇಂಜಿನ್‌ನಿಂದ ನೀರಿನೊಳಗಿನ ಪ್ರೊಪೆಲ್ಲರ್‌ವರೆಗೆ ಇಳಿಯುವ ಕಾಲು, ಎಷ್ಟುದ್ದ ಅನ್ನೋದು. ಮೊದಲು ಟೇಪು ಹಿಡಿದು ದೋಣಿಯ ಹಿಂಬದಿ ಹಲಗೆ ಅಳೆಯಿರಿ. ಮೋಟರ್ ಕೂರುವ ಮೇಲಂಚಿನಿಂದ ತಳದವರೆಗೆ ಸುಮಾರು 15 ಇಂಚಿದ್ದರೆ ಗಿಡ್ಡ ಶಾಫ್ಟ್, 20 ಇದ್ದರೆ ಉದ್ದ ಶಾಫ್ಟ್.

15 ಇಂಚಿನ ಹಲಗೆಗೆ ಉದ್ದದ್ದು ಹಾಕಿದರೂ ಓಡುವುದೇನೋ ಓಡುತ್ತದೆ. ಆದರೆ ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ಪ್ಲೇಟು ದೋಣಿಯ ತಳದ ಮಟ್ಟದಲ್ಲೋ, ಒಂದಿಂಚು ಕೆಳಗೋ ಇರಬೇಕು. ಇಲ್ಲಿ ಐದಿಂಚು ಕೆಳಗೆ ಹೋಗುತ್ತದೆ. ವೇಗ ಕಮ್ಮಿ, ಪೆಟ್ರೋಲ್ ಜಾಸ್ತಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಲ್ಲು, ಮರದ ಬುಡ ತಾಗುವ ಭಯ ಬೇರೆ.

ಎತ್ತರದ ಹಲಗೆಗೆ ಗಿಡ್ಡದ್ದು ಮಾತ್ರ ಬೇಡವೇ ಬೇಡ. ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಇಂಜಿನ್ ಸುಮ್ನೆ ರೇಸ್ ಆಗುತ್ತದೆ. ತಂಪಾಗಲು ನೀರು ಸಿಗದೆ ಕಾದೂ ಹೋಗಬಹುದು.

ಉದ್ದದ್ದು ಅಗ್ಗಕ್ಕೆ ಸಿಕ್ಕಿದರೆ ಹಲಗೆ ಎತ್ತರಿಸಬಹುದು. ಮೆರೈನ್ ಪ್ಲೈವುಡ್, ಎಪಾಕ್ಸಿ ಅಂಟು, ಆರಪಾರ ಹೋಗುವ ಸ್ಟೇನ್‌ಲೆಸ್ ಬೋಲ್ಟು ಬೇಕು. ಬೋಲ್ಟಿಗೆ ಎಸ್‌ಪಿ ರೋಡ್ ಇದ್ದೇ ಇದೆ ಅಲ್ವಾ! ಹಳೇ ಹಲಗೆ ಒಳಗೆ ಕೊಳೆತಿದೆಯೇ ಅಂತ ತಟ್ಟಿ ನೋಡಿ. ಮಂದ ಸದ್ದು ಬಂದರೆ ಅಗ್ಗದ ಆಸೆ ಬಿಟ್ಟು, ಮೊದಲು ಹಲಗೆ ಸರಿಮಾಡಿಸಿ, ಗಿಡ್ಡದ್ದನ್ನೇ ಹುಡುಕಿ. ಎತ್ತರಿಸಿದಷ್ಟೂ ಹಲಗೆಯ ಮೇಲೆ ಮೋಟರಿನ ಜಗ್ಗಾಟ ಹೆಚ್ಚುತ್ತದೆ.