25ರ ಚೀಟಿಯೋ, 100ರ ಕಾರ್ಡೋ?

ನ್ಯೂಜೆರ್ಸಿಗೆ ಬಂದ ಹೊಸದು. ಒಂದು ಹೋಟೆಲಿನ 25 ಡಾಲರಿನ ಊಟದ ಚೀಟಿ 10 ಡಾಲರಿಗೆ ಸಿಗುತ್ತೆ ಅಂತ ಯಾರೋ ಹೇಳಿದ್ದೇ ತಡ, ಕೂತಲ್ಲೇ ನಾಲ್ಕು ಕೊಂಡೆ. ಷರತ್ತು ಓದಿದ್ದು ಹೋಟೆಲಿನ ಪಾರ್ಕಿಂಗ್‌ನಲ್ಲಿ: ಕನಿಷ್ಠ 50 ಡಾಲರಿನ ಊಟ ಮಾಡಬೇಕು, ಟೇಬಲ್ಲಿಗೆ ಒಂದೇ ಚೀಟಿ, ಶುಕ್ರವಾರ-ಶನಿವಾರ ನಡೆಯಲ್ಲ, ರಿಯಾಯಿತಿ ಕಳೆಯೋ ಮುಂಚಿನ ಮೊತ್ತದ ಮೇಲೆ 18% ಟಿಪ್ಸ್.

ನಾವಿಬ್ಬರೂ ಸಸ್ಯಾಹಾರಿಗಳು, ಕುಡಿಯೋ ಅಭ್ಯಾಸವೂ ಇಲ್ಲ. ಎರಡು ಪಾಸ್ತಾ, ಒಂದು ಸೂಪಿಗೆ 36 ಡಾಲರಾಯ್ತು. 50 ಮುಟ್ಟಿಸೋಕೆ ಬ್ರುಸ್ಕೆಟಾ ತರಿಸಿದೆವು (ಹೆಸರೇ ದೊಡ್ಡದು, ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ), ಜೊತೆಗೊಂದು ಕೇಕು. ಬಿಲ್ 51.50. ಟ್ಯಾಕ್ಸ್ ಬದಿಗಿಟ್ಟು ಲೆಕ್ಕ ಹಾಕಿ: ಚೀಟಿಗೆ ಕೊಟ್ಟ 10, ಕೈಯಿಂದ 26.50, ಟಿಪ್ಸ್ 9.27. ಒಟ್ಟು 45.77. ಚೀಟಿಯಿಲ್ಲದೆ ಬೇಕಾದಷ್ಟೇ ತಿಂದಿದ್ರೆ ಟಿಪ್ಸ್ ಸೇರಿ 42.48ಕ್ಕೆ ಮುಗೀತಿತ್ತು. ರಿಯಾಯಿತಿ ಪಡೆಯೋಕೆ ಮೂರು ಡಾಲರ್ ಮೇಲೆ ತೆತ್ತಂಗಾಯ್ತು! "ಇದಕ್ಕಿಂತ ಮನೇಲಿ ಚಿತ್ರಾನ್ನ ಕಲಸಿದ್ರೆ ಆಗ್ತಿತ್ತು" ಅಂದಳು ನನ್ನಾಕೆ.

ಎರಡನೇ ಚೀಟಿ ಅತ್ತೆ-ಮಾವ ಬಂದಾಗ, ಒಂದು ಬುಧವಾರ ತೆಗೆದೆ. ನಾಲ್ವರ ಊಟ ತಾನಾಗೇ 84 ದಾಟಿತು. ಚೀಟಿಗೆ ಕೊಟ್ಟ 10 ಕಳೆದು 15 ಡಾಲರ್ ನಿಜಕ್ಕೂ ಉಳೀತು. ಚೀಟಿ ಅದೇ, ಟೇಬಲ್ಲು ಬೇರೆ.

ಕಾಸ್ಟ್‌ಕೊ ಅನ್ನೋ ದೊಡ್ಡ ಸಗಟು ಅಂಗಡೀಲಿ ಸಿಗೋ ಗಿಫ್ಟ್ ಕಾರ್ಡಿನ ಕಥೆ ಬೇರೆ. ನೂರು ಡಾಲರಿನ ರೆಸ್ಟೋರೆಂಟ್ ಕಾರ್ಡು ಸುಮಾರು 80ಕ್ಕೆ. ಇದು ಹಣದ ಹಾಗೇ ನಡೆಯುತ್ತೆ: ಕನಿಷ್ಠ ಬಿಲ್ಲಿನ ತಕರಾರಿಲ್ಲ, ನಾವು ಹೋದ ಕಡೆ ಟಿಪ್ಸೂ ಅದರಲ್ಲೇ ಕೊಟ್ಟೆವು. ಮೇಲಿನ 42.48 ಇದರಲ್ಲಾದ್ರೆ ಸುಮಾರು 34. ಅಮೆರಿಕದ 2009ರ ಕಾನೂನಿನಂತೆ ಗಿಫ್ಟ್ ಕಾರ್ಡಿನ ಹಣಕ್ಕೆ ಕನಿಷ್ಠ ಐದು ವರ್ಷ ಆಯಸ್ಸು. ನ್ಯೂಜೆರ್ಸಿಯಲ್ಲಿ ಐದು ಡಾಲರಿಗಿಂತ ಕಡಿಮೆ ಉಳಿದಿದ್ರೆ ನಗದು ಕೇಳಬಹುದು. ಆದ್ರೆ ಒಂದೇ ಚೈನ್ ಹೋಟೆಲಿಗೆ ಗಂಟುಬೀಳ್ತೀರಿ. ಮೂರನೇ ಸಲಕ್ಕೆ ಆ ಪಿಜ್ಜಾ ನಮಗೆ ಸಾಕಾಗಿತ್ತು.

ಕ್ರಿಸ್‌ಮಸ್ ಹೊತ್ತಲ್ಲಿ 50ರ ಕಾರ್ಡಿಗೆ 10ರ ಬೋನಸ್ ಕಾರ್ಡು ಕೊಡ್ತಾರಲ್ಲ, ಅದು ನಮ್ಮನೇಲಿ ಡ್ರಾಯರ್ ಸೇರೋ ಸಾಮಾನು. ಬಿಟ್ಟಿ ಬಂದ ಬೋನಸ್ಸಿಗೆ ಐದು ವರ್ಷದ ರಕ್ಷಣೆ ಇಲ್ಲ. ನಮ್ಮದಕ್ಕೆ ಜನವರಿಯಿಂದ ಮಾರ್ಚ್‌ವರೆಗಷ್ಟೇ ಅವಧಿ, ಅದೂ ಹಿಮ ಬಿದ್ದು ಹೊರಗೆ ಕಾಲಿಡೋಕಾಗದ ದಿನಗಳು.

ನಾನೀಗ ಕೊಳ್ಳೋದು ಕಾರ್ಡೇ, ಅದೂ ಹೇಗಿದ್ರೂ ಹೋಗೋ ಹೋಟೆಲಿದ್ದು. ಚೀಟಿ ತಗೊಳ್ಳೋದು ನೆಂಟರು ಬರೋದು ಗೊತ್ತಾದ ಮೇಲೆ, ಹೋಟೆಲಿಗೆ ಫೋನ್ ಮಾಡಿ ಕೇಳಿಕೊಂಡು. ನಾಲ್ಕರಲ್ಲಿ ಉಳಿದ ಎರಡು ಚೀಟಿಗೂ ಆಗ ಹಾಗೆ ಕೇಳಿರಲಿಲ್ಲ. ಹೋಗಿ ನೋಡಿದ್ರೆ ಆ ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ.